ಒಂದೇ ಗಡಿಯಾರ, ಎರಡು ಸೂರ್ಯ: ದ್ವಾರಕಾ–ದಿಬ್ರುಗಢ ಎರಡೂ ಕಡೆ ಇದ್ದವರು ಯಾರಾದರೂ ಇದ್ದೀರಾ?

ಪಡುವಣ ಪಯಣಿಗ

ದೇಶದ ಪಶ್ಚಿಮ ತುದಿಯ ದ್ವಾರಕಾದಲ್ಲಿ ಕೆಲವು ವರ್ಷ ಇದ್ದೆ. ಈಗ ವರ್ಗವಾಗಿ ಅಸ್ಸಾಮಿನ ದಿಬ್ರುಗಢಕ್ಕೆ ಬಂದಿದ್ದೇನೆ. ನೇರ ಗೆರೆ ಎಳೆದರೂ ಈ ಎರಡು ಊರುಗಳ ನಡುವೆ 2,600 ಕಿಮೀಗಿಂತ ಜಾಸ್ತಿ ದೂರ. ಆದರೆ ಕೈಗಡಿಯಾರವನ್ನು ಒಂದು ನಿಮಿಷವೂ ತಿರುಗಿಸಬೇಕಾಗಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಡಿಸೆಂಬರ್ ಕೊನೆಯಲ್ಲಿ ದಿಬ್ರುಗಢದಲ್ಲಿ ಸೂರ್ಯ ಮುಳುಗುವುದು 4:20ರ ಸುಮಾರಿಗೆ. ಅದೇ ದಿನ ದ್ವಾರಕಾದಲ್ಲಿ 6:15 ಆಗಬೇಕು. ಜೂನ್ ಕೊನೆಯಲ್ಲಿ ಇಲ್ಲಿ ಬೆಳಿಗ್ಗೆ ಸುಮಾರು 4:15ಕ್ಕೆ ಸೂರ್ಯ ಹುಟ್ಟುತ್ತಾನೆ. ಅಲ್ಲಿ 6:10. ಹೆಚ್ಚುಕಡಿಮೆ ಎರಡು ಗಂಟೆ ವ್ಯತ್ಯಾಸ. ಆದರೂ ನಮ್ಮ ಆಫೀಸು ಎರಡೂ ಊರಲ್ಲಿ ತೆರೆಯುವುದು ಹತ್ತಕ್ಕೇ.

ಇಲ್ಲಿಯ ನಮ್ಮ ಮನೆ ಮಾಲೀಕರು ಬೇಸಿಗೆಯಲ್ಲಿ ನಾನು ಏಳುವಷ್ಟರಲ್ಲಿ ನದಿಯ ಏರಿ ಮೇಲೆ ವಾಕಿಂಗ್ ಮುಗಿಸಿ, ಮೀನು ತಂದು, ಪೇಪರ್ ಓದಿ, ಎರಡನೇ ಸಲ ಕೆಂಪು ಚಹಾ ಕುಡಿಯುತ್ತಾ ಕೂತಿರುತ್ತಾರೆ. ನಾನು ಹಲ್ಲುಜ್ಜಿಕೊಂಡು ಹೊರಗೆ ಬಂದರೆ "ಮೈಗೆ ಹುಷಾರಿಲ್ವಾ?" ಅಂತ ಕೇಳುತ್ತಾರೆ. ಆರೂವರೆಗೆ! ದ್ವಾರಕಾದಲ್ಲಿ ಆರೂವರೆಗೆ ಎದ್ದವನನ್ನು ಶಿಸ್ತಿನ ಮನುಷ್ಯ ಅನ್ನುತ್ತಿದ್ದರು.

ನನಗೆ ಅನ್ನಿಸಿದ್ದು ಇಷ್ಟು. ಊರು ಸುಮ್ನೆ ತನ್ನ ಸೂರ್ಯನ ಜೊತೆ ಹೊಂದಿಕೊಂಡು ಹೋಗುತ್ತದೆ. ಒದ್ದಾಡುವವರು ಆಫೀಸು, ಶಾಲೆ, ಬ್ಯಾಂಕಿನ ಟೈಮಿಗೆ ಕಟ್ಟುಬಿದ್ದವರು ಮಾತ್ರ. ಎರಡು ಕಾಲವಲಯ ಬೇಕು, ಬೇಡ ಎಂದು ನಡೆಯುವ ಜಗಳಕ್ಕಿಂತ ಬಾಗಿಲು ತೆಗೆಯುವ ಹೊತ್ತನ್ನು ಆಯಾ ಊರಿಗೆ ಬಿಟ್ಟರೆ ಸಾಕಲ್ವಾ? ಎರಡೂ ಕಡೆ ಇದ್ದವರು, ಒಂದು ಕಡೆಯಾದರೂ ಇದ್ದವರು ಹೇಳಿ.

ಲೆಕ್ಕದ ಮೇಡಂ

ಮೊದಲು ಲೆಕ್ಕ ಸರಿಯಾಗಿ ಇಟ್ಟುಕೊಳ್ಳೋಣ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ದ್ವಾರಕಾ ಸುಮಾರು 69 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದಿಬ್ರುಗಢ ಸುಮಾರು 95ರಲ್ಲಿ. 26 ಡಿಗ್ರಿ ಅಂತರ, 104 ನಿಮಿಷ. ನಮ್ಮ ಐಎಸ್‌ಟಿ (ಭಾರತೀಯ ಕಾಲಮಾನ) ನಿಂತಿರುವುದು ಇವೆರಡರ ಹೆಚ್ಚುಕಡಿಮೆ ನಡುವೆ, ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಮೇಲೆ. ಹಾಗಾಗಿ ದ್ವಾರಕಾದ ಸೂರ್ಯ ಗಡಿಯಾರಕ್ಕಿಂತ ಸುಮಾರು 54 ನಿಮಿಷ ಹಿಂದೆ. ದಿಬ್ರುಗಢದ ಸೂರ್ಯ ಸುಮಾರು 50 ನಿಮಿಷ ಮುಂದೆ. ಐಎಸ್‌ಟಿ ಯಾರಿಗೂ ಪಕ್ಷಪಾತ ಮಾಡಿಲ್ಲ. ಇಬ್ಬರಿಗೂ ಸಮಾನವಾಗಿ ಅನ್ಯಾಯ ಮಾಡಿದೆ, ಅಷ್ಟೇ.

ನೀವು ಹೇಳಿದ "ಎರಡು ಗಂಟೆ" ವರ್ಷಪೂರ್ತಿ ಇರುವುದಿಲ್ಲ ಸರ್. ದಿಬ್ರುಗಢ 27.5 ಡಿಗ್ರಿ ಉತ್ತರ, ದ್ವಾರಕಾ 22ರ ಆಸುಪಾಸು. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಉದ್ದ, ಚಳಿಗಾಲದ ಹಗಲು ಗಿಡ್ಡ. ಅದಕ್ಕೇ ಜೂನಿನ ಬೆಳಿಗ್ಗೆ ಮತ್ತು ಡಿಸೆಂಬರಿನ ಸಂಜೆ ಅಂತರ ಹಿಗ್ಗಿ ಎರಡು ಗಂಟೆ ಮುಟ್ಟುತ್ತದೆ. ಜೂನಿನ ಸಂಜೆ, ಡಿಸೆಂಬರಿನ ಬೆಳಿಗ್ಗೆ ಕುಗ್ಗಿ ಒಂದೂವರೆಗೆ ಬರುತ್ತದೆ. ನೀವು ಬೇಕಂತಲೇ ಹಿಗ್ಗಿದ ಎರಡು ಅಂಕಿ ಆರಿಸಿದ್ದೀರಿ :)

ಇನ್ನೊಂದು ವಿಚಿತ್ರ. ಇಡೀ ಬಾಂಗ್ಲಾದೇಶಕ್ಕಿಂತ ದಿಬ್ರುಗಢ ಪೂರ್ವದಲ್ಲಿದೆ. ಆದರೆ ಢಾಕಾದ ಗಡಿಯಾರ ದಿಬ್ರುಗಢಕ್ಕಿಂತ ಅರ್ಧ ಗಂಟೆ ಮುಂದಿದೆ. ಆ ಕಡೆ ದ್ವಾರಕಾಕ್ಕೂ ಕರಾಚಿಗೂ ಸೂರ್ಯನ ಲೆಕ್ಕದಲ್ಲಿ ಹತ್ತು ನಿಮಿಷವೂ ಅಂತರವಿಲ್ಲ. ಗಡಿಯಾರದಲ್ಲಿ ಮಾತ್ರ ಅರ್ಧ ಗಂಟೆ.

ಕರಾವಳಿ ಕಾಕ

ಮಾರಾಯ್ರೆ, ಆರೂವರೆಗೆ ಎದ್ದವನಿಗೆ ಹುಷಾರಿಲ್ವಾ ಅಂತ ಕೇಳುವ ಊರಿಗೆ ನನ್ನ ಮಗನನ್ನು ಒಂದು ತಿಂಗಳು ಕಳಿಸಬಹುದಾ? ಖರ್ಚು ನಾನೇ ಕೊಡುತ್ತೇನೆ.

ಕೊಡಗಿನ ಪ್ಲಾಂಟರ್

ದಿಬ್ರುಗಢ ಜಿಲ್ಲೆಯ ಚಹಾ ತೋಟದಲ್ಲಿ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದವನು ನಾನು. ಪಯಣಿಗ ಸರ್ ಒಂದು ದೊಡ್ಡ ವಿಷಯ ಬಿಟ್ಟಿದ್ದಾರೆ. ಅಲ್ಲಿ ಎರಡನೇ ಗಡಿಯಾರ ಆಗಲೇ ಇದೆ. ಬಾಗಾನ್ ಟೈಮ್. ಬ್ರಿಟಿಷರ ಕಾಲದಿಂದ ತೋಟದೊಳಗೆ ನಡೆಯುವುದು ಅದೇ. ಐಎಸ್‌ಟಿಗಿಂತ ಒಂದು ಗಂಟೆ ಮುಂದೆ. ಸರ್ಕಾರಿ ಗಡಿಯಾರದಲ್ಲಿ ಏಳು ಹೊಡೆದರೆ ತೋಟದಲ್ಲಿ ಎಂಟು.

ನನ್ನ ಬಂಗಲೆಯ ಗೋಡೆ ಗಡಿಯಾರ ಬಾಗಾನ್ ಟೈಮ್, ಕೈಯಲ್ಲಿ ಐಎಸ್‌ಟಿ. ಆಫೀಸಿನ ಮುಂದೆ ಹಳೇ ರೈಲು ಹಳಿಯ ತುಂಡು ತೂಗುಹಾಕಿತ್ತು. ಚೌಕಿದಾರ ಅದನ್ನು ಬಡಿದರೆ ಕೂಲಿಯವರ ಮನೆಸಾಲಿನಿಂದ ಹೆಂಗಸರು ಬುಟ್ಟಿ ಹೊತ್ತು ಹೊರಡುತ್ತಿದ್ದರು. ಹುಲ್ಲಿನ ಮೇಲೆ ಇಬ್ಬನಿ ಇರುವಾಗಲೇ ಹಾಜರಿ. ಸೆಕೆಂಡ್ ಫ್ಲಷ್, ಅಂದರೆ ವರ್ಷದ ಎರಡನೇ ಚಿಗುರು ಬರುವ ಮೇ ಕೊನೆ, ಜೂನ್‌ನಲ್ಲಿ ಬಿಸಿಲೇರಿದ ಮೇಲೆ ಎಲೆ ಕೊಯ್ಯುವುದು ನರಕ. ಅದರ ಜೊತೆಗೆ, ಕೊಯ್ದ ಎಲೆ ಬುಟ್ಟಿಯಲ್ಲಿ ಬೆಂದುಹೋಗಬಾರದು. ದೆಹಲಿಯ ಗಡಿಯಾರ ನೋಡಿಕೊಂಡು ಕೂತರೆ ಎಲೆಯೂ ಕೆಡುತ್ತದೆ, ಆಳುಗಳೂ ಸುಸ್ತಾಗುತ್ತಾರೆ. ಅದಕ್ಕೇ ತೋಟದವರು ಯಾರನ್ನೂ ಕೇಳಲು ಹೋಗದೆ ಮುಳ್ಳನ್ನು ಒಂದು ಗಂಟೆ ಮುಂದೆ ತಳ್ಳಿದರು.

ಫಜೀತಿ ಆಗುವುದು ಗೇಟಿನ ಹತ್ತಿರ. ಪೇಟೆಯಿಂದ ಬರುವ ಮೆಕ್ಯಾನಿಕ್ "ಮೂರು ಗಂಟೆಗೆ ಬರುತ್ತೇನೆ" ಅಂದರೆ ಯಾವ ಮೂರು? ಮೊದಲ ಮಾತೇ ಅದು. ಬ್ಯಾಂಕಿಗೆ ಹೋಗಬೇಕಾದರೆ ಹಿಂದಕ್ಕೆ ಲೆಕ್ಕ, ವಿಮಾನ ಹಿಡಿಯಲು ಹಿಂದಕ್ಕೆ ಲೆಕ್ಕ, ವಾಪಸ್ ಬಂದು ಡಿನ್ನರ್‌ಗೆ ಮುಂದಕ್ಕೆ ಲೆಕ್ಕ. ಹೊಸ ಅಸಿಸ್ಟೆಂಟ್‌ಗಳಿಗೆ ಮೊದಲ ವಾರ ತಲೆ ಗಿರ್ ಅನ್ನುತ್ತೆ. ಆಮೇಲೆ ಎರಡು ಭಾಷೆ ಮಾತಾಡಿದ ಹಾಗೆ ಅಭ್ಯಾಸ ಆಗಿಬಿಡುತ್ತದೆ.

ಓಖಾದ ಸೊಸೆ

ದ್ವಾರಕಾ ಕಡೆಯಿಂದ ನಾನು ಹೇಳುತ್ತೇನೆ. ಮದುವೆಯಾಗಿ ಓಖಾಕ್ಕೆ ಬಂದವಳು, ವಾರಕ್ಕೊಮ್ಮೆಯಾದರೂ ದ್ವಾರಕಾಕ್ಕೆ ಹೋಗುತ್ತೇನೆ.

ಇಲ್ಲಿಯೂ ಎರಡನೇ ಗಡಿಯಾರ ಇದೆ, ಹೆಸರು ಮಾತ್ರ ಇಲ್ಲ. ದ್ವಾರಕಾಧೀಶನ ದೇವಸ್ಥಾನವೇ ಆ ಗಡಿಯಾರ. ಬೆಳಿಗ್ಗೆ ಆರೂವರೆಗೆ ಮಂಗಳಾರತಿ. ಚಳಿಗಾಲದಲ್ಲಿ ಆಗಿನ್ನೂ ಗಾಢ ಕತ್ತಲೆ, ಸೂರ್ಯ ಬರುವುದು ಏಳೂವರೆಗೆ. ಆರತಿ ಮುಗಿಸಿ ಗೋಮತಿ ಘಾಟಿನ ಕಡೆಯ 56 ಮೆಟ್ಟಿಲು ಇಳಿದು, ಗಾಠಿಯಾ ತಿಂದು, ಆಮೇಲೂ ಸೂರ್ಯೋದಯ ನೋಡಬಹುದು. ಮಧ್ಯಾಹ್ನ ಒಂದಕ್ಕೆ ದೇವಸ್ಥಾನದ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ. ಊರಿನ ಅಂಗಡಿಗಳೂ ಹಾಗೇ. ಸೌರಾಷ್ಟ್ರದ ಮಧ್ಯಾಹ್ನದ ನಿದ್ದೆ ಗೊತ್ತಲ್ವಾ? ರಾಜಕೋಟ್‌ನಂಥ ದೊಡ್ಡ ಪೇಟೆಯೇ ಮಲಗುತ್ತದೆ, ದ್ವಾರಕಾ ಯಾಕೆ ಎದ್ದಿರಬೇಕು? ಎರಡೂವರೆಗೆ ಒಂದು ಸೂಜಿ ಬೇಕು ಅಂದರೂ ಸಿಗಲ್ಲ. ನಾನು ಮೊದಮೊದಲು ಸೋಮಾರಿಗಳು ಅಂತ ಬೈದುಕೊಳ್ಳುತ್ತಿದ್ದೆ. ಆಮೇಲೆ ನಮ್ಮತ್ತೆ ತೋರಿಸಿದರು. ಇಲ್ಲಿ ಜೂನಿನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಒಂದು ಗಂಟೆಗೆ. ಗಡಿಯಾರದ ಎರಡೂವರೆ ಅಂದರೆ ನಿಜವಾಗಿ ಒಂದೂವರೆಯ ಬಿಸಿಲು. ಆಗ ಯಾರು ಬೀದಿಗೆ ಬರುತ್ತಾರೆ?

ಬದಲಿಗೆ ಸಂಜೆ ಉದ್ದ. ಜೂನಿನಲ್ಲಿ 7:40ರವರೆಗೆ ಸೂರ್ಯ ಇರುತ್ತಾನೆ. ಗೋಮತಿ ಸಮುದ್ರ ಸೇರುವಲ್ಲಿ ಜನ ಜಾತ್ರೆ. ಊಟ ಒಂಬತ್ತೂವರೆ, ಹತ್ತು. ಮಕ್ಕಳು ಮಲಗುವುದು ಹನ್ನೊಂದು. ಬೆಳಿಗ್ಗೆ ಏಳಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಅಲ್ಲಿ ಮಾತ್ರ ಊರಿನ ಗಡಿಯಾರಕ್ಕೂ ಸರ್ಕಾರದ ಗಡಿಯಾರಕ್ಕೂ ತಾಳೆ ಆಗುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ಕತ್ತಲಲ್ಲಿ ಟಾರ್ಚ್ ಹಿಡಿದು ಮಗಳನ್ನು ವ್ಯಾನ್ ಹತ್ತಿಸುತ್ತೇನೆ.

ಪಡುವಣ ಪಯಣಿಗ

ಅಕ್ಕ, ಆ ಎರಡೂವರೆಯ ಸೂಜಿ ನಾನೂ ಹುಡುಕಿದ್ದೇನೆ. ಮೊಬೈಲ್ ಚಾರ್ಜರ್ ಆಗಿತ್ತು, ಅಷ್ಟೇ ವ್ಯತ್ಯಾಸ.

ಪ್ಲಾಂಟರ್ ಸರ್ ಹೇಳಿದ್ದೂ ಅಕ್ಕ ಹೇಳಿದ್ದೂ ಒಂದೇ ದಾರಿಗೆ ಬರುತ್ತಿದೆ. ತೋಟ ತನ್ನ ಟೈಮು ಮಾಡಿಕೊಂಡಿತು. ದೇವಸ್ಥಾನ, ಪೇಟೆ ತಮ್ಮ ಟೈಮು ಮಾಡಿಕೊಂಡವು. ಉಳಿದಿದ್ದು ಸ್ಕೂಲ್ ವ್ಯಾನ್ ಮತ್ತು ನನ್ನ ಆಫೀಸು.

ದಿಬ್ರುಗಢದ ಚಳಿಗಾಲದ ಆಫೀಸು ಹೇಗಿರುತ್ತದೆ ಗೊತ್ತಾ? ಮೂರೂವರೆಗೆ ಬೆಳಕು ಹಳದಿ ಆಗುತ್ತದೆ. ನಾಲ್ಕಕ್ಕೆ ಟ್ಯೂಬ್‌ಲೈಟ್ ಹಾಕುತ್ತಾರೆ. ನಾಲ್ಕೂವರೆಗೆ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುತ್ತದೆ. ಇಲ್ಲಿಯವರಿಗೆ ಆಗಲೇ ಕಾಲು ಮನೆ ಕಡೆ ಎಳೆಯುತ್ತಿರುತ್ತದೆ. ಹೊರಗಿನಿಂದ ಬಂದ ಮೇಲಧಿಕಾರಿಗಳು ಇದನ್ನು "ಕೆಲಸಗಳ್ಳತನ" ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೇ ಇಲ್ಲಿಯವರು ಎರಡು ಗಂಟೆ ಮನೆ ಕೆಲಸ ಮುಗಿಸಿರುವುದು ಆ ಮೇಲಧಿಕಾರಿಗಳ ಲೆಕ್ಕದಲ್ಲಿ ಬರುವುದೇ ಇಲ್ಲ.

ಜಗಳಗಂಟ

ಎಲ್ಲರೂ ಸಿಹಿ ಸಿಹಿ ಮಾತಾಡುತ್ತಿದ್ದೀರಿ. ನಾನು ಒಪ್ಪಲ್ಲ. "ಊರು ತಾನೇ ಹೊಂದಿಕೊಳ್ಳುತ್ತದೆ" ಅನ್ನುವುದು ಹೊರಗಿನವರಿಗೆ ಅನುಕೂಲವಾದ ಮಾತು. ಅಲ್ಲಿಯವರು ಇದನ್ನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದಾರೆ. 2014ರಲ್ಲಿ ಅಸ್ಸಾಂ ಮುಖ್ಯಮಂತ್ರಿಯಾಗಿದ್ದ ತರುಣ್ ಗೊಗೊಯ್ ಬಾಗಾನ್ ಟೈಮನ್ನೇ ಇಡೀ ರಾಜ್ಯಕ್ಕೆ ತರುವ ಮಾತಾಡಿದರು. 2017ರಲ್ಲಿ ಅರುಣಾಚಲದ ಮುಖ್ಯಮಂತ್ರಿ ಪೆಮಾ ಖಂಡು ಪ್ರತ್ಯೇಕ ವಲಯ ಕೇಳಿದರು. ಅದೇ ವರ್ಷ ಗೌಹಾಟಿ ಹೈಕೋರ್ಟಿನಲ್ಲಿ ಇದೇ ವಿಷಯದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಜಾ ಆಯಿತು.

2018ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೇ ಬರೆದರು. ನೆನಪಿರಲಿ, ದೇಶಕ್ಕೆಲ್ಲ ಸರಿಯಾದ ಟೈಮು ಕೊಡುವ ಸಂಸ್ಥೆ ಅದು. ಎರಡು ಐಎಸ್‌ಟಿ ಮಾಡಿ, ಒಂದು ಈಗಿರುವ ಯುಟಿಸಿ (ಜಾಗತಿಕ ಕಾಲಮಾನ) ಪ್ಲಸ್ ಐದೂವರೆ ಗಂಟೆ, ಇನ್ನೊಂದು ಪ್ಲಸ್ ಆರೂವರೆ ಅಂದರು. ಗಡಿ ಪಶ್ಚಿಮ ಬಂಗಾಳ–ಅಸ್ಸಾಂ ನಡುವೆ. ಅಲ್ಲಿ ದೇಶ ಕಿರಿದಾಗಿರುವುದರಿಂದ ರೈಲಿನ ಗಡಿಯಾರ ಬದಲಿಸುವುದು ನ್ಯೂ ಕೂಚ್‌ಬೆಹಾರ್, ಆಲಿಪುರ್‌ದ್ವಾರ್ ಎರಡೇ ಸ್ಟೇಷನ್ನಿನಲ್ಲಿ ಅಂತಲೂ ಹೇಳಿದರು. ವರ್ಷಕ್ಕೆ 2 ಕೋಟಿ ಯೂನಿಟ್ ವಿದ್ಯುತ್ ಉಳಿಯುತ್ತದೆ ಎಂದು ಅಂದಾಜು ಕೊಟ್ಟರು. ಆದರೂ ಸರ್ಕಾರದ ಉತ್ತರ ಬೇಡ ಅಂತಲೇ. ಆಫೀಸ್ ಟೈಮು ಬದಲಿಸಿ ಅನ್ನುವುದು ನೋವಿಗೆ ಮುಲಾಮು ಹಚ್ಚಿದ ಹಾಗೆ ಅಷ್ಟೇ.

ರೈಲು ಹುಚ್ಚ

ಜಗಳಗಂಟರೇ, ಎರಡೇ ಸ್ಟೇಷನ್ ಅನ್ನುವುದು ಕಾಗದದ ಮೇಲೆ ಚೆಂದ. ಮಿತಿಮೀರಿ ತಡವಾಗಿ ಓಡುವ ಗಾಡಿ, ವೇಳಾಪಟ್ಟಿಯಲ್ಲಿ ಒಂದು ಗಂಟೆ ಜಿಗಿತ, ಎರಡೂ ಸೇರಿದರೆ ಕಂಟ್ರೋಲ್ ರೂಮಿನವನ ಪಾಡು ಯೋಚಿಸಿ. ಆಗುವುದೇ ಇಲ್ಲ ಅನ್ನುತ್ತಿಲ್ಲ. ರಷ್ಯಾ, ಅಮೆರಿಕ ಎಲ್ಲ ಮಾಡುತ್ತಿವೆ. ಸುಲಭ ಅಲ್ಲ ಅಂತಿದ್ದೇನೆ.

ನಮ್ಮಲ್ಲೂ ಈ ಗೊಂದಲ ಹೊಸದೇನಲ್ಲ. ಐಎಸ್‌ಟಿ ಬಂದಿದ್ದು 1906ರ ಜನವರಿ 1ಕ್ಕೆ. ಅದಕ್ಕೆ ಮೊದಲು ರೈಲುಗಳು ಮದ್ರಾಸ್ ಟೈಮಿನ ಮೇಲೆ ಓಡುತ್ತಿದ್ದವು, ಬಾಂಬೆ, ಕಲ್ಕತ್ತಾ ಊರುಗಳಿಗೆ ಬೇರೆ ಬೇರೆ ಟೈಮು. ಐಎಸ್‌ಟಿ ಬಂದ ಮೇಲೂ ಕಲ್ಕತ್ತಾ 1948ರವರೆಗೆ ಬಿಡಲಿಲ್ಲ, ಬಾಂಬೆ 1955ರವರೆಗೆ ಬಿಡಲಿಲ್ಲ. ಜನ ತಮ್ಮ ಸೂರ್ಯನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ. ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಆಗ ದಿಬ್ರುಗಢದವರು ಖುಷಿಯಾಗಿದ್ದಿರಬಹುದು, ದ್ವಾರಕಾದವರು ಬೆಳಿಗ್ಗೆ ಎಂಟೂವರೆಗೆ ಸೂರ್ಯೋದಯ ನೋಡಿ ಏನಂದರೋ!

ನಿಮ್ಮ ಎರಡು ಊರಿನ ನಡುವೆ ಹೆಚ್ಚುಕಡಿಮೆ ಪೂರ್ತಿ ದಾರಿಗೆ ಒಂದು ರೈಲಿದೆ. ಓಖಾದಿಂದ ಗುವಾಹಟಿಗೆ ವಾರಕ್ಕೊಮ್ಮೆ ಹೋಗುವ ದ್ವಾರಕಾ ಎಕ್ಸ್‌ಪ್ರೆಸ್. ಗುವಾಹಟಿಯಲ್ಲಿ ಇಳಿದು ಇನ್ನೊಂದು ಗಾಡಿಯಲ್ಲಿ ಒಂದು ರಾತ್ರಿ. ಕಿಟಕಿ ಪಕ್ಕ ಕೂತರೆ ಮೋಜು. ದಿನಕ್ಕೆ ಅರ್ಧ ಗಂಟೆಯಷ್ಟು ಸೂರ್ಯ ಬೇಗ ಬರುತ್ತಾ ಹೋಗುತ್ತಾನೆ. ಹತ್ತಿದ ಮರುದಿನ ಚಹಾ ಮಾರುವವನು ಬಂದಾಗ ಕತ್ತಲೆ. ಕೊನೆಯ ದಿನ ಅದೇ ಹೊತ್ತಿಗೆ ಎಲ್ಲರೂ ಬೆಳಕಿಗೆ ಎದ್ದು ಕೂತಿರುತ್ತಾರೆ. ವಿಮಾನದಲ್ಲಿ ಹೋದವರಿಗೆ ಇದು ಗೊತ್ತಾಗಲ್ಲ. ದಿಬ್ರುಗಢದಿಂದ ಕನ್ಯಾಕುಮಾರಿಗೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ ದೇಶದಲ್ಲೇ ಅತಿ ಉದ್ದದ ಓಟ, 4,100 ಕಿಮೀಗೂ ಜಾಸ್ತಿ. ಆದರೆ ಅದು ದಕ್ಷಿಣಕ್ಕೆ ಇಳಿಯುವುದೇ ಹೆಚ್ಚು. ಈ ಸೂರ್ಯನ ಆಟಕ್ಕೆ ದ್ವಾರಕಾ ಎಕ್ಸ್‌ಪ್ರೆಸ್ಸೇ ಸರಿ.

ಲೆಕ್ಕದ ಮೇಡಂ

ಜಗಳಗಂಟ ಅವರೇ, ನಿಮ್ಮ ವಾದದಲ್ಲಿ ಒಂದು ಕಡೆ ಮಾತ್ರ ಇದೆ. ನೋವು ಬರೀ ಪೂರ್ವದ್ದಲ್ಲ. ಓಖಾದ ಸೊಸೆ ಅವರ ಸ್ಕೂಲ್ ವ್ಯಾನ್ ನೋಡಿ.

ಮೌಲಿಕ್ ಜಗನಾನಿ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಇದೆ. ಭಾರತದಲ್ಲಿ ಸೂರ್ಯ ತಡವಾಗಿ ಮುಳುಗುವ ಕಡೆಯ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆ ಮಾತ್ರ ಎಲ್ಲ ಕಡೆ ಒಂದೇ ಹೊತ್ತಿಗೆ ಶುರು. ಹಾಗಾಗಿ ನಿದ್ದೆ ಕಡಿಮೆ. ವರ್ಷದ ಸರಾಸರಿ ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳಿಗೆ ಸುಮಾರು ಅರ್ಧ ಗಂಟೆ ನಿದ್ದೆ ಹೋಗುತ್ತದೆ, ಒಟ್ಟು ಓದು ಸುಮಾರು 0.8 ವರ್ಷ ಕಡಿಮೆಯಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಬಡ ಮನೆಗಳಲ್ಲಿ ಪೆಟ್ಟು ಹೆಚ್ಚು. ಸೆಕೆ, ಗದ್ದಲ, ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಬೇಕು ಅಂದರೆ ಮಗು ಬೇಗ ಹೇಗೆ ನಿದ್ದೆ ಮಾಡೀತು?

ಇದರಲ್ಲಿ ಬೆಂಗಳೂರಿನ ಪಾತ್ರವೂ ಇದೆ. ನಮ್ಮ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ.ಪಿ. ಸೆನ್‌ಗುಪ್ತ ಅವರು ಎರಡು ವಲಯ ಬೇಡ, ಇಡೀ ದೇಶದ ಗಡಿಯಾರವನ್ನೇ ಅರ್ಧ ಗಂಟೆ ಮುಂದಕ್ಕೆ ತಳ್ಳಿ ಅಂದರು. ಸಂಜೆಯ ವಿದ್ಯುತ್ ಬೇಡಿಕೆ ಇಳಿಯುತ್ತದೆ ಅನ್ನುವುದು ಅವರ ಲೆಕ್ಕ. ವಿದ್ಯುತ್ತಿಗೆ ಒಳ್ಳೆಯದೇ ಇರಬಹುದು. ಆದರೆ ಹಾಗೆ ಮಾಡಿದರೆ ದ್ವಾರಕಾದ ಮಕ್ಕಳು ಈಗಿನದಕ್ಕಿಂತ ಇನ್ನೂ ಅರ್ಧ ಗಂಟೆ ಜಾಸ್ತಿ ಕತ್ತಲಲ್ಲಿ ವ್ಯಾನ್ ಹತ್ತಬೇಕು. ನನ್ನ ಮಟ್ಟಿಗೆ ಅದು ಬೇಡ.

ಪಂಚಾಂಗ ಪ್ರಿಯ

ನೀವೆಲ್ಲ ಐಎಸ್‌ಟಿ ಹಿಡಿದು ಜಗಳವಾಡುತ್ತಿದ್ದೀರಿ. ಪಂಚಾಂಗ ಯಾವತ್ತೂ ಅದಕ್ಕೆ ಮಣೆ ಹಾಕಿಲ್ಲ. ಅದಕ್ಕೆ ಆಯಾ ಊರಿನ ಸೂರ್ಯೋದಯವೇ ಗತಿ.

ರಾಹುಕಾಲ ತಗೊಳ್ಳಿ. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ಎಲ್ಲರಿಗೂ ಬಾಯಿಪಾಠ. ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಶಾಸ್ತ್ರ ಪ್ರಕಾರ ಹಗಲನ್ನು ಎಂಟು ಭಾಗ ಮಾಡಿ ಸೋಮವಾರ ಎರಡನೇ ಭಾಗ ಹಿಡಿಯಬೇಕು. ಡಿಸೆಂಬರ್ ಕೊನೆಯ ಸೋಮವಾರ ದಿಬ್ರುಗಢದಲ್ಲಿ ಅದು ಸುಮಾರು 7:15ರಿಂದ 8:30. ದ್ವಾರಕಾದಲ್ಲಿ ಸುಮಾರು 8:50ರಿಂದ 10:10. ಅಂದರೆ ಪೂರ್ವದಲ್ಲಿ ರಾಹುಕಾಲ ಪೂರ್ತಿ ಮುಗಿದು ಇಪ್ಪತ್ತು ನಿಮಿಷ ಕಳೆದ ಮೇಲೆ ಪಶ್ಚಿಮದಲ್ಲಿ ಶುರು. ಕ್ಯಾಲೆಂಡರ್ ನೋಡಿ ಕಾದವನು ಎರಡೂ ಊರಲ್ಲಿ ಮೋಸಹೋದ!

ಇನ್ನೂ ದೊಡ್ಡದು ತಿಥಿ. ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ್ದು. ಡಿಸೆಂಬರಿನ ಒಂದು ದಿನ ದಶಮಿ ಬೆಳಿಗ್ಗೆ 6:30ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ದಿಬ್ರುಗಢದಲ್ಲಿ ಸೂರ್ಯ 5:55ಕ್ಕೇ ಬಂದಿದ್ದಾನೆ, ಅಲ್ಲಿ ದಿನವಿಡೀ ದಶಮಿ. ದ್ವಾರಕಾದಲ್ಲಿ ಸೂರ್ಯ ಬರುವಷ್ಟರಲ್ಲಿ ಏಕಾದಶಿ ಆಗಿದೆ. ಒಂದೇ ದೇಶ, ಒಂದೇ ತಾರೀಖು, ತಿಥಿ ಬೇರೆ. ಫೋನಿನ ಪಂಚಾಂಗ ಆ್ಯಪ್‌ನಲ್ಲಿ ಊರು ಬದಲಿಸುವುದನ್ನು ಮರೆಯಬೇಡಿ ಪಯಣಿಗರೇ.

ಪಡುವಣ ಪಯಣಿಗ

ಭಟ್ರೆ, ಆ್ಯಪ್ ಇನ್ನೂ ದ್ವಾರಕಾದಲ್ಲೇ ಇತ್ತು. ಈಗ ಬದಲಿಸಿದೆ. ಮನೆಯವಳಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ಈಗ ಸಮಸ್ಯೆ.

ಕರಾವಳಿ ಕಾಕ

ಕ್ರಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬೇಜಾರು. 2025ರ ನವೆಂಬರಿನಲ್ಲಿ ಗುವಾಹಟಿಯಲ್ಲಿ ಮೊದಲ ಸಲ ಟೆಸ್ಟ್ ಆಯಿತಲ್ಲ, ದಕ್ಷಿಣ ಆಫ್ರಿಕಾ ಜೊತೆ. ಬೇಗ ಕತ್ತಲಾಗುತ್ತದೆ ಅಂತ ಒಂಬತ್ತಕ್ಕೆ ಆಟ ಶುರು. ಮೊದಲು ಟೀ ವಿರಾಮ, ಆಮೇಲೆ ಊಟದ ವಿರಾಮ! ನೂರೈವತ್ತು ವರ್ಷ ಹತ್ತಿರ ಆದ ಆಟ ತನ್ನ ಕ್ರಮ ಬದಲಿಸಿಕೊಂಡಿತು, ಒಂದು ಬ್ಯಾಂಕಿಗೆ ಆಗುವುದಿಲ್ಲವಾ ಮಾರಾಯ್ರೆ? ಪಯಣಿಗರ ಪರವಾಗಿ ನನ್ನ ವೋಟು.

ವೋಟು ಅಂದ ಮೇಲೆ ನೆನಪಾಯಿತು. 2023ರ ನಾಗಾಲ್ಯಾಂಡ್, ಮೇಘಾಲಯ ಚುನಾವಣೆಯಲ್ಲಿ ಮತದಾನ ಸಂಜೆ ನಾಲ್ಕಕ್ಕೇ ಮುಗಿಸಿದ್ದರು. ಬೇಕು ಅಂದಾಗ ಸರ್ಕಾರವೇ ಸೂರ್ಯನ ಟೈಮು ನೋಡುತ್ತದೆ.

ಜಗಳಗಂಟ

ಕಾಕ, ಚುನಾವಣೆ ಒಂದು ದಿನ, ಟೆಸ್ಟ್ ಐದು ದಿನ. ಬ್ಯಾಂಕು ಬೇಗ ತೆಗೆದು ಮೂರಕ್ಕೇ ಬಾಗಿಲು ಹಾಕಿದರೆ ಮುಂಬೈ, ದೆಹಲಿಯ ಮುಖ್ಯ ಕಚೇರಿ ಐದೂವರೆಗೆ ಫೋನ್ ಮಾಡದೆ ಬಿಡುತ್ತದಾ? "ನಮ್ಮ ಡ್ಯೂಟಿ ಮುಗೀತು" ಅಂದರೆ ಕೇಳುತ್ತಾರಾ? ಗಡಿಯಾರವೇ ಬದಲಾದರೆ ಮಾತ್ರ ಅವರಿಗೂ ಅರ್ಥವಾಗುತ್ತದೆ, ಅಲ್ಲಿ ಈಗ ಆರೂವರೆ ಅಂತ. ಹೊಂದಿಕೊಳ್ಳುವ ಕೆಲಸ ಯಾವಾಗಲೂ ದೂರದವನ ಪಾಲಿಗೇ ಬರುತ್ತದೆ.

ಪಡುವಣ ಪಯಣಿಗ

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಒಪ್ಪುತ್ತೇನೆ. ಐದೂವರೆಯ ಫೋನು ನನಗೂ ಬರುತ್ತದೆ. ಆದರೂ ಶಾಲೆಗೆ ಆ ತೊಂದರೆ ಇಲ್ಲವಲ್ಲ. ದ್ವಾರಕಾದ ಶಾಲೆ ಚಳಿಗಾಲದಲ್ಲಿ ಒಂದು ಗಂಟೆ ತಡವಾಗಿ ಶುರುವಾದರೆ ದೆಹಲಿಯಿಂದ ಯಾರು ಫೋನ್ ಮಾಡುತ್ತಾರೆ? ಅಲ್ಲಿಂದಲಾದರೂ ಶುರು ಮಾಡಬಹುದು.

ನಾಲ್ಕನೇ ವರ್ಗಾವಣೆ

ಎಲ್ಲ ಓದಿದೆ. ನನಗೂ ದಿಬ್ರುಗಢಕ್ಕೆ ಆರ್ಡರ್ ಬಂದಿದೆ, ಗುಜರಾತಿನಿಂದಲೇ. ಗಡಿಯಾರ ಬಿಡಿ, ಊರು ಹೇಗೆ? ಹೆಂಡತಿ ಮಕ್ಕಳಿಗೆ ಹೊಂದುತ್ತದಾ?

ಪಡುವಣ ಪಯಣಿಗ

ಸ್ವಭಾವದಲ್ಲಿ ಎರಡೂ ತದ್ವಿರುದ್ಧ. ದ್ವಾರಕಾ ಯಾತ್ರಿಕರ ಊರು. ಎಲ್ಲರೂ ಎರಡು ದಿನಕ್ಕೆ ಬಂದವರು ಅಂತಲೇ ಮಾತು ಶುರುವಾಗುತ್ತದೆ. ಗಟ್ಟಿ ದನಿ, ಗಟ್ಟಿ ವ್ಯಾಪಾರ, ತಕ್ಷಣ ಸಲುಗೆ. ಶಿಖರದ ಮೇಲೆ 52 ಗಜದ ಧ್ವಜ ದಿನಕ್ಕೆ ಹಲವು ಸಲ ಬದಲಾಗುತ್ತದೆ, ಪ್ರತಿ ಸಲವೂ ಯಾವುದೋ ಮನೆತನದವರು ಕುಣಿದುಕೊಂಡು ಮೆರವಣಿಗೆಯಲ್ಲಿ ತರುತ್ತಾರೆ. 2024ರ ಫೆಬ್ರವರಿಯಲ್ಲಿ ಸುದರ್ಶನ ಸೇತು ಆದ ಮೇಲೆ ಬೇಟ್ ದ್ವಾರಕಾ ದ್ವೀಪಕ್ಕೂ ಕಾರಿನಲ್ಲೇ ಹೋಗುತ್ತಾರೆ. ದೋಣಿಗೆ ಕಾಯುವ ಹೊತ್ತು ಉಳಿಯಿತು, ದೋಣಿಯವರ ಜಗಳ ನೋಡುವ ಮಜಾ ಹೋಯಿತು.

ದಿಬ್ರುಗಢ ಮೆತ್ತಗಿನ ಊರು. ಜನ ಮೊದಲು ದೂರವೇ ಇರುತ್ತಾರೆ. ಒಮ್ಮೆ ಮನೆಗೆ ಕರೆದು ಎಲೆ ಅಡಿಕೆ ಕೊಟ್ಟರೆ ಆಮೇಲೆ ಬಿಡುವುದಿಲ್ಲ. ದ್ವಾರಕಾ ಸಮುದ್ರಕ್ಕೆ ಮುಖ ಮಾಡಿ ಕೂತಿದೆ. ದಿಬ್ರುಗಢ ನದಿಗೆ ಬೆನ್ನು ಹಾಕಿದೆ. ಅದಕ್ಕೆ ಕಾರಣ ಇದೆ. 1950ರ ಆಗಸ್ಟ್ 15ರ ಸಂಜೆ 8.6 ತೀವ್ರತೆಯ ಭೂಕಂಪ ಆಯಿತು. ಬ್ರಹ್ಮಪುತ್ರದ ತಳ ಮೇಲೆದ್ದಿತು, ಮುಂದಿನ ಕೆಲವು ವರ್ಷಗಳಲ್ಲಿ ಹಳೇ ಊರಿನ ದೊಡ್ಡ ಭಾಗವನ್ನೇ ನದಿ ಕೊಚ್ಚಿಕೊಂಡು ಹೋಯಿತು. ಈಗ ಎತ್ತರದ ಏರಿ ಕಟ್ಟಿದ್ದಾರೆ. ಬೀದಿಯಲ್ಲಿ ನಿಂತರೆ ಅಷ್ಟು ದೊಡ್ಡ ನದಿ ಕಾಣುವುದೇ ಇಲ್ಲ, ಏರಿ ಹತ್ತಬೇಕು. ಮಳೆಗಾಲದಲ್ಲಿ ನಮ್ಮ ಮನೆ ಮಾಲೀಕರು ದಿನಾ ಹತ್ತಿ ನೀರು ಎಲ್ಲಿದೆ ನೋಡಿ ಬರುತ್ತಾರೆ. ಮಾತಾಡುವುದಿಲ್ಲ, ನೋಡುತ್ತಾರೆ ಅಷ್ಟೇ. ಮಳೆಯೂ ಹಾಗೇ ಇದೆ. ವರ್ಷಕ್ಕೆ ಎರಡೂವರೆ ಸಾವಿರ ಮಿಮೀ ಮೀರುತ್ತದೆ. ದ್ವಾರಕಾದಲ್ಲಿ ಬೀಳುವುದು ಅದರ ಐದನೇ ಒಂದು ಪಾಲಿನಷ್ಟು.

ಮಕ್ಕಳಿಗೆ ಇಷ್ಟವಾಗುತ್ತದೆ. 2018ರಲ್ಲಿ ಶುರುವಾದ ಬೋಗಿಬೀಲ್ ಸೇತುವೆ ತೋರಿಸಿ. ಹತ್ತಿರ ಹತ್ತಿರ 5 ಕಿಮೀ ಉದ್ದ, ಕೆಳಗೆ ರೈಲು, ಮೇಲೆ ರಸ್ತೆ.

ಕೊಡಗಿನ ಪ್ಲಾಂಟರ್

ಪಯಣಿಗ ಸರ್ ಹೇಳಿದ್ದರ ಜೊತೆ ಕೆಲಸಕ್ಕೆ ಬರುವ ಮಾತು. ದಪ್ಪ ಬಟ್ಟೆಯ ಕರ್ಟನ್ ತಗೊಂಡು ಹೋಗಿ, ಪೂರ್ವದ ಕಿಟಕಿಗೆ. ಇಲ್ಲದಿದ್ದರೆ ಮೇ ತಿಂಗಳಿಂದ ಮಕ್ಕಳು ನಾಲ್ಕೂಕಾಲಿಗೆ ಎದ್ದು ನಿಮ್ಮನ್ನೂ ಎಬ್ಬಿಸುತ್ತಾರೆ. ಮನೆ ನೋಡುವಾಗ ಕಳೆದ ವರ್ಷ ನೀರು ಎಲ್ಲಿವರೆಗೆ ನಿಂತಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ. ತೋಟದವರು ಊಟಕ್ಕೆ ಕರೆದರೆ ಯಾವ ಟೈಮು ಅಂತ ತಪ್ಪದೆ ಕೇಳಿ.

ಓಖಾದ ಸೊಸೆ

ಮತ್ತೆ ಗುಜರಾತಿನಲ್ಲಿರುವ ಸ್ನೇಹಿತರಿಗೆ ಮೊದಲೇ ಹೇಳಿಟ್ಟುಬಿಡಿ. ಇವರು ಊಟ ಮುಗಿಸಿ ಆರಾಮಾಗಿ ಹತ್ತೂವರೆಗೆ ವಿಡಿಯೋ ಕಾಲ್ ಮಾಡುತ್ತಾರೆ. ನನ್ನ ಗೆಳತಿಯೊಬ್ಬಳು ಆ ಕಡೆಗೆ ಹೋದ ಮೇಲೆ ನಮ್ಮ ಕಾಲ್ ಈಗ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂತ ನಿಗದಿಯಾಗಿದೆ. ಅವಳದ್ದು ಅಡುಗೆ ಆಗಿರುತ್ತದೆ, ನನ್ನದು ಮೊದಲ ಚಹಾ.

ನಾಲ್ಕನೇ ವರ್ಗಾವಣೆ

ಕರ್ಟನ್ ಬರೆದುಕೊಂಡೆ. ಪ್ಲಾಂಟರ್ ಸರ್, ಆಫೀಸಿನಿಂದ ಕೊಡುವ ಕ್ವಾರ್ಟರ್ಸ್ ಬಿಟ್ಟು ಬೇರೆ ಕಡೆ ಮನೆ ನೋಡುವುದು ಒಳ್ಳೇದಾ?

ಕೊಡಗಿನ ಪ್ಲಾಂಟರ್

ಕ್ವಾರ್ಟರ್ಸ್ ನೆಲಮಹಡಿ ಆದರೆ ಬೇಡ. ಮೇಲಿನ ಮಹಡಿ ಆದರೆ ಕಣ್ಣುಮುಚ್ಚಿ ತಗೊಳ್ಳಿ. ಜುಲೈಗೆ ಮೊದಲು ಸಾಮಾನು ಸಾಗಿಸಿಬಿಡಿ.